ನಡುಗಂಟು

ನಮ್ಮ ಊರಿಗೆ ದಿನಾ ಮಧ್ಯಾಹ್ನ ಜಗ್ಗು ಬರುತ್ತದೆ. ಉಂಡು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಊರಿನ ಮೂಡಣ ಭಾಗದ ನೆಲ ಒಂದು ಮಾರಿನಷ್ಟು ಆಚೆ ಸರಿದು, ಹತ್ತು ಎಣಿಸುವಷ್ಟು ಹೊತ್ತು ಅಲ್ಲೇ ನಿಂತು, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಪಡುವಣ ಭಾಗ ಇದ್ದಲ್ಲೇ ಇರುತ್ತದೆ. ನಡುವಿನ ಮನೆಗಳೆಲ್ಲ ಇಬ್ಬರು ಎರಡು ತುದಿ ಹಿಡಿದು ಎಳೆದ ಕಂಬಳಿಯ ಹಾಗೆ ಹಿಗ್ಗಿ ಮತ್ತೆ ಕುಗ್ಗುತ್ತವೆ. ಆ ಹೊತ್ತಿನಲ್ಲಿ ಯಾರೂ ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ, ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವುದಿಲ್ಲ. ಹಡಪದ ಈರಣ್ಣ ಕತ್ತಿ ಮಡಚಿಟ್ಟು ಅರ್ಧ ಗಡ್ಡದ ಗಿರಾಕಿಯ ಜೊತೆ ಸಂಸಾರದ ಮಾತಾಡುತ್ತ ಕೂರುತ್ತಾನೆ. ಆಮೇಲೆ ಎಲ್ಲ ಮೊದಲಿನಂತೆಯೇ.

ಹಲಗೆ, ಬಿದಿರಿನ ಮನೆಗಳು ನಮ್ಮವು. ಒಂದಕ್ಕೊಂದು ಗೋಡೆ ಹಚ್ಚಿಕೊಂಡು ನಿಂತಿವೆ, ನಡುವೆ ಓಣಿ ಅಂತ ಇಲ್ಲ. ಓಡಾಟವೆಲ್ಲ ಮಾಳಿಗೆಯ ಮೇಲೆ, ಒಳಗೆ ಇಳಿಯುವುದು ಬೆಳಕಿಂಡಿಯಿಂದ. ಪ್ರತಿ ಮನೆಯ ಒಳಗೂ ಗೋಡೆಯಿಂದ ಗೋಡೆಗೆ ಹಗ್ಗ ಎಳೆದಿರುತ್ತೇವೆ. ಗೋಡೆಯಲ್ಲಿ ಕಬ್ಬಿಣದ ಕೊಂಡಿ ಇರುತ್ತದೆ. ಅದರ ಹೊರಗಿನ ಬಾಯಿ ಪಕ್ಕದ ಮನೆಯ ಕೊಂಡಿಯನ್ನು ಹಿಡಿದಿರುತ್ತದೆ, ಒಳಗಿನ ಬಾಲಕ್ಕೆ ನಮ್ಮ ಹಗ್ಗ ಕಟ್ಟಿರುತ್ತದೆ. ಹಗ್ಗವೂ ಕೊಂಡಿಯೂ ಸೇರುವ ಆ ಗಂಟಿಗೆ ನಡುಗಂಟು ಅನ್ನುತ್ತೇವೆ. ಊರಿನ ಮೊದಲ ಕಟ್ಟಳೆ, ಒಂಟಿ ಮನೆ ಇರಬಾರದು. ಒಂಟಿ ಮನೆ ತಾನೂ ನಿಲ್ಲುವುದಿಲ್ಲ, ಬೀಳುವಾಗ ಪಕ್ಕದವರನ್ನೂ ಬಿಡುವುದಿಲ್ಲ.

ನನ್ನ ಹೆಸರು ನೀಲವ್ವ. ನಾನು ಬಿಗಿ ಕೂಗುವವಳಾಗಿದ್ದೆ. ದಿನಾ ಬೆಳಿಗ್ಗೆ ಮಾಳಿಗೆಯಿಂದ ಮಾಳಿಗೆಗೆ ಹೋಗಿ, ಒಂದೊಂದೇ ಮನೆಗೆ ಇಳಿದು, ಹಗ್ಗವನ್ನು ಬೆರಳಿನಿಂದ ಮೀಟಿ ನಾದ ಕೇಳಿ, ಮೇಲೆ ಬಂದು ಆ ಮನೆಯ ಹೆಸರು ಹಿಡಿದು "ಬಿಗಿ" ಎಂದೋ "ಸಡಿಲ" ಎಂದೋ ಕೂಗಬೇಕು. ಸಡಿಲ ಎಂದರೆ ಆಚೀಚೆಯ ನಾಲ್ಕು ಮನೆಯವರು ಕೆಲಸ ಬಿಟ್ಟು ಬಂದು ಕಟ್ಟಿಕೊಡುತ್ತಾರೆ. ನನಗಿಂತ ಮೊದಲು ಅಪ್ಪ ಕೂಗುತ್ತಿದ್ದ. ಅವನ ಕಿವಿ ಎಷ್ಟು ಚುರುಕೆಂದರೆ, ಹಗ್ಗದ ನಾದ ಕೇಳಿ ಆ ಮನೆಯ ಗಂಡ ಹೆಂಡತಿ ಹಿಂದಿನ ದಿನ ಜಗಳವಾಡಿದ್ದರೋ ಇಲ್ಲವೋ ಹೇಳುತ್ತಿದ್ದ.

ಹನ್ನೊಂದು ವರ್ಷ ನಾನು ಒಂದು ಮನೆಯ ವಿಷಯದಲ್ಲಿ ಸುಳ್ಳು ಕೂಗಿದೆ. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ಮೂಡಣ ಅಂಚಿನ ಕೊನೆಯ ಮನೆ ಶಾವಿಗೆ ಕಾಶವ್ವನದು. ಅಪ್ಪ ತೀರಿಕೊಂಡ ವರ್ಷ, ಅವಳ ಮನೆಯ ಆಚೆ ಗೋಡೆಗೆ ಹೊಂದಿಕೊಂಡು ಒಂದು ಹೊಸ ಮನೆ ಎದ್ದಿತು. ಹೊಸ ಮನೆಯ ನಡುಗಂಟು ಕಟ್ಟುವುದೂ ಬಿಗಿ ಕೂಗುವವರ ಕೆಲಸವೇ, ನಾನಾಗಿಯೇ ಕಟ್ಟಬೇಕಾಗಿದ್ದ ಮೊದಲ ಮನೆ ಅದು. ಹೊಸ ಕೊಂಡಿಗೆ ಮೊದಲ ದಿನ ಒಂದೇ ಎಳೆ ಕಟ್ಟಬೇಕು, ಮರುದಿನ ಇನ್ನೊಂದು, ಹೀಗೆ ಹದಿನೇಳು ದಿನ ಹದಿನೇಳು ಎಳೆ ಎಂದು ಅಪ್ಪ ನೂರು ಸಲ ಹೇಳಿದ್ದ. ನನಗೋ ಹೊಸ ಹುರುಪು. ಹೆಣ್ಣುಮಗಳು ಏನು ಕಟ್ಟುತ್ತಾಳೆ ಎನ್ನುವವರ ಬಾಯಿ ಮುಚ್ಚಿಸಬೇಕೆಂದು ಒಂದೇ ದಿನದಲ್ಲಿ ಹದಿನೇಳೂ ಎಳೆ ಸೇರಿಸಿ ಬಿಗಿದುಬಿಟ್ಟೆ. ಮಧ್ಯಾಹ್ನ ಜಗ್ಗು ಬಂತು. ನಡುಗಂಟು ಕಿತ್ತು ಹಗ್ಗ ಚಾಟಿಯ ಹಾಗೆ ಬೀಸಿ, ಕಾಶವ್ವನ ಗಂಡ ಪರಸಪ್ಪನ ಎಡಗೈ ಮುರಿಯಿತು. ಮೂಳೆ ಕೂಡಿತು, ಆದರೆ ಕೈ ಸೊಟ್ಟಗೇ ಉಳಿಯಿತು. ಪಕ್ಕದವರು ಹೆದರಿ ಮನೆ ಬಿಚ್ಚಿಕೊಂಡು ಪಡುವಣಕ್ಕೆ ಹೋದರು. ಹಗ್ಗ ಹಳೆಯದಿತ್ತು ಎಂದು ಊರು ಮಾತಾಡಿಕೊಂಡಿತು. ನಾನು ಸುಮ್ಮನಿದ್ದೆ.

ವಾರ ಕಳೆದು ಹಗ್ಗ ಕಟ್ಟಲು ಹೋದಾಗ ಕಾಶವ್ವ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಇದೊಂದು ಗೋಡೆ ಬಿಟ್ಟುಬಿಡು ಎಂದಳು. ಕಿತ್ತುಬಂದ ಹಗ್ಗದ ತುದಿಯನ್ನು ಕಂಬಕ್ಕೆ ಸುತ್ತಿಟ್ಟಿದ್ದಳು, ಅದರ ಮೇಲೆ ಶಾವಿಗೆ ಒಣಗುತ್ತಿತ್ತು. ಅವಳ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡೆ. ಮಾಳಿಗೆಗೆ ಬಂದು "ಕಾಶವ್ವನ ಮನೆ, ಬಿಗಿ" ಎಂದು ಕೂಗಿದೆ. ಆಚೆ ಮನೆಯೇ ಇರಲಿಲ್ಲವಾದ್ದರಿಂದ ಆ ಸುಳ್ಳು ಸುಳ್ಳಿನ ಹಾಗೆ ಕಾಣುತ್ತಲೂ ಇರಲಿಲ್ಲ.

ಹನ್ನೊಂದು ವರ್ಷದ ಮೇಲೆ, ಜೋಳದ ಸುಗ್ಗಿಗೆ ಎರಡು ತಿಂಗಳು ಮೊದಲು, ಆ ಖಾಲಿ ಜಾಗಕ್ಕೆ ಸುಮೇಧಾ ಬಂದಳು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು, ದೂರದ ಯಾವುದೋ ವಿಶ್ವವಿದ್ಯಾಲಯದವಳು. ಎತ್ತಿನ ಎರಡು ಬಂಡಿಗಳಲ್ಲಿ ಹಲಗೆ, ಮೂರನೆಯದರಲ್ಲಿ ಹತ್ತಿಯ ನಡುವೆ ಹುಗಿದಿಟ್ಟ ಸೂಕ್ಷ್ಮದರ್ಶಕ, ಮೊಟ್ಟೆಗೆ ಕಾವು ಕೊಡುವಂಥ ಒಂದು ಬೆಚ್ಚನೆಯ ಪೆಟ್ಟಿಗೆ. ಡಾಕ್ಟರ್ ಎಂದು ಯಾರೋ ಹೇಳಿದ್ದೇ ತಡ, ಮೊದಲ ವಾರ ಊರಿನ ಅರ್ಧ ಮಂಡಿನೋವು ಅವಳ ಬೆಳಕಿಂಡಿಯ ಮುಂದೆ ಸಾಲುಗಟ್ಟಿತು. ತಾನು ಆ ಡಾಕ್ಟರ್ ಅಲ್ಲ, ಜೀವಕೋಶಗಳನ್ನು ಬೆಳೆಸಿ ನೋಡುವವಳು ಎಂದು ಆಕೆ ಎಲ್ಲರನ್ನೂ ಕೂರಿಸಿ ಹೇಳಿದಳು. ಆದರೂ ಮಂಡಿಗೆ ಎಣ್ಣೆ ಹಚ್ಚಿ ಕಳಿಸಿದಳು. ಅಷ್ಟರಿಂದಲೇ ಊರಿಗೆ ಅವಳು ಬೇಕಾದವಳಾದಳು.

ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ನಿಮ್ಮ ಜಗ್ಗು ಹುಡುಕಿಕೊಂಡೇ ಬಂದೆ ಎಂದಳು. ಕೋಶಗಳು ಒಂದರ ಪಕ್ಕ ಒಂದು ಸೇರಿ ಹಾಳೆಯ ಹಾಗೆ ಬೆಳೆಯುತ್ತವೆ, ನಮ್ಮ ಚರ್ಮದಲ್ಲಿ, ಕರುಳಿನಲ್ಲಿ ಇರುವುದೂ ಅಂಥ ಹಾಳೆಯೇ. ಉಸಿರಾಡಿದರೆ, ಉಂಡರೆ, ನಕ್ಕರೆ ಅದು ಹಿಗ್ಗುತ್ತದೆ, ಹರಿಯುವುದಿಲ್ಲ. ಯಾಕೆ ಹರಿಯುವುದಿಲ್ಲ ಎನ್ನುವುದೇ ಅವಳ ಕೆಲಸ. ನೋಡಬೇಕಾದರೆ ಆ ಹಾಳೆಯನ್ನು ದಿನಾ ಒಂದೇ ಅಳತೆಯಲ್ಲಿ ಎಳೆಯುವ ಯಂತ್ರ ಬೇಕು. ಎರಡು ವರ್ಷ ಕಾದರೂ ಯಂತ್ರ ಬರಲಿಲ್ಲ. ಆಗ ಯಾರೋ ನೆಲವೇ ಎಳೆಯುವ ಊರೊಂದಿದೆ ಎಂದರಂತೆ. ತೆಳು ರಬ್ಬರಿನ ಮೇಲೆ ಕೋಶಗಳನ್ನು ಬೆಳೆಸಿ, ಅದರ ಒಂದು ಅಂಚನ್ನು ಒಂದು ಗೋಡೆಗೂ ಇನ್ನೊಂದನ್ನು ಎದುರಿನ ಗೋಡೆಗೂ ಸಣ್ಣ ತಂತಿಯಿಂದ ಬಿಗಿದಿದ್ದಳು. ಕೋಶಗಳು ಯಾರವು ಎಂದು ಕೇಳಿದೆ. ನಾಯಿಯ ಮೂತ್ರಪಿಂಡದವು, ಆ ನಾಯಿ ಹೋಗಿ ಎಷ್ಟೋ ದಶಕವಾಯಿತು, ಕೋಶಗಳು ಮಾತ್ರ ಇನ್ನೂ ಬೆಳೆಯುತ್ತಲೇ ಇವೆ ಎಂದಳು. ಪರಸಪ್ಪ ಇದನ್ನು ಕೇಳಿದ ಮೇಲೆ ಅವಳ ಮನೆಗೆ ಬಂದಾಗಲೆಲ್ಲ ಪೆಟ್ಟಿಗೆಯ ಮುಂದೆ ನಿಂತು ನಾಯಿಯನ್ನು ಮಾತಾಡಿಸುವವನ ಹಾಗೆ ಚುಚ್ಚು ಚುಚ್ಚು ಅನ್ನುತ್ತಿದ್ದ.

ಅವಳ ಮನೆ ಮಾತ್ರ ಕೂಡಿಕೊಳ್ಳಲಿಲ್ಲ. ಅವಳ ಕೊಂಡಿ ಕಾಶವ್ವನ ಕೊಂಡಿಯನ್ನು ಹಿಡಿದಿತ್ತು, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಜಗ್ಗು ಬಂದ ಕೂಡಲೇ ಕಾಶವ್ವನ ಕೊಂಡಿ ಗೋಡೆಯಿಂದ ಗೇಣುದ್ದ ಹೊರಗೆ ಜಾರುತ್ತಿತ್ತು. ಇಬ್ಬರ ಗೋಡೆಯ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟು, ನೆಲ ಹಿಂದೆ ಬರುವಾಗ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು. ಒಳಗೆ ಅದನ್ನು ಹಿಡಿದುಕೊಳ್ಳುವ ಹಗ್ಗವೇ ಇರಲಿಲ್ಲವಲ್ಲ. ಪ್ರತಿ ದಿನ ಸುಮೇಧಾಳ ಹಾಳೆ ಹರಿಯುತ್ತಿತ್ತು. ಪ್ರತಿ ದಿನ ಆಕೆ ಕೊಂಡಿಗಳನ್ನು ಮುಟ್ಟಿ ನೋಡಿ, ಗಟ್ಟಿಯಾಗಿಯೇ ಇವೆಯಲ್ಲ ನೀಲಕ್ಕ ಎನ್ನುತ್ತಿದ್ದಳು. ನಾನು ಹೌದು ಎನ್ನುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ದೊಡ್ಡ ಜಗ್ಗು ಬರುತ್ತದೆ. ಅವತ್ತು ನೆಲ ಮೂರು ಮಾರು ಸರಿದು, ಒಂದು ಹರದಾರಿ ನಡೆಯುವಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ. ಅದರೊಳಗೆ ಕೂಡಿಕೊಳ್ಳದ ಮನೆಯನ್ನು ಬಿಚ್ಚಲೇಬೇಕು. ಯಜಮಾನ ತೋಟಪ್ಪನವರು ಬಂದು ಸಂದು ನೋಡಿ, ಸುಮೇಧಾಳಿಗೆ ಬೇಜಾರಿನಿಂದಲೇ ವಿಷಯ ತಿಳಿಸಿದರು. ಇನ್ನು ಇಪ್ಪತ್ತೆಂಟು ದಿನ ಉಳಿದಿತ್ತು. ಆಕೆ ತಲೆಯಾಡಿಸಿದಳು. ತೋಟಪ್ಪನವರು ಮಾಳಿಗೆ ಏರುವ ಮೊದಲೇ ಮತ್ತೆ ಹೊಸ ಹಾಳೆ ಬೆಳೆಸಲು ಕೂತಳು.

ನಾಲ್ಕನೆಯ ದಿನ ಜಗ್ಗು ಮುಗಿದ ಮೇಲೆ ಆಕೆ ನನ್ನನ್ನು ಕೂಗಿದಳು. ಮುಖದಲ್ಲಿ ಸಂತೋಷವಿತ್ತು. ಒಂದು ಕಣ್ಣು ಮುಚ್ಚಿಕೊಂಡು ನೋಡಲು ಹೇಳಿದಳು. ನೋಡಿದೆ.

ಮೊದಲು ಏನೂ ತಿಳಿಯಲಿಲ್ಲ. ಕತ್ತಲಲ್ಲಿ ಹಸಿರು ಗೆರೆ, ಕೆಂಪು ಚುಕ್ಕೆ. ಆಮೇಲೆ ಕಣ್ಣು ಹೊಂದಿಕೊಂಡಿತು. ಅಲ್ಲಿ ನಮ್ಮ ಊರಿತ್ತು. ಗೋಡೆಗೆ ಗೋಡೆ ಹಚ್ಚಿದ ಮನೆಗಳು, ಓಣಿ ಇಲ್ಲ. ಪ್ರತಿ ಮನೆಯ ಒಳಗೂ ಗೋಡೆಯಿಂದ ಗೋಡೆಗೆ ಹಸಿರು ಹಗ್ಗ.

ಆಕೆ ಪಕ್ಕದಲ್ಲಿ ನಿಂತು ಒಂದೊಂದನ್ನೇ ತಿಳಿಸಿದಳು. ಹಸಿರಾಗಿ ಹೊಳೆಯುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆ, ಕೋಶದ ಮೈಕಟ್ಟು ನಿಂತಿರುವುದು ಅದರಿಂದ. ಅಂಚಿನ ಕೆಂಪು, ಕ್ಯಾಡ್‌ಹೆರಿನ್. ಅದು ಕೋಶದ ಹೊರಗೆ ಕೈ ಚಾಚಿ ಪಕ್ಕದ ಕೋಶದ ಅಂಥದೇ ಕೈಯನ್ನು ಹಿಡಿಯುತ್ತದೆ. ಆ ಕೈ ಸೆಟೆದು ನಿಲ್ಲಲು ಸುಣ್ಣದಂಶ ಬೇಕಂತೆ. ಕೈಯ ಬುಡಕ್ಕೂ ಎಳೆಗೂ ನಡುವೆ ಕೆಟೆನಿನ್ ಎನ್ನುವ ಇನ್ನೊಂದು ಪ್ರೋಟೀನು ಎರಡನ್ನೂ ಸೇರಿಸಿ ಹಿಡಿದಿರುತ್ತದೆ. ಈ ಹಾಳೆಯಲ್ಲಿ ಎಡಗಡೆಯ ಕೋಶಗಳು ಇದ್ದ ಹಾಗೇ ಇವೆ, ಬಲಗಡೆಯವುಗಳಲ್ಲಿ ಆ ನಡುವಿನ ಕೆಟೆನಿನ್ ಒಂದನ್ನು ಮಾತ್ರ ತೆಗೆದಿದ್ದೇನೆ ಎಂದಳು.

ಎಡಗಡೆ ಅಲ್ಲಲ್ಲಿ ಸೀಳಿದ್ದರೂ ನಿಂತಿತ್ತು. ಬಲಗಡೆ ಹರಿದು ಚೂರಾಗಿತ್ತು. ಆ ಚೂರುಗಳ ಅಂಚಿನಲ್ಲಿ ಕೆಂಪು ಕೈಗಳು ಹಾಗೇ ಹೊಳೆಯುತ್ತಿದ್ದವು.

"ನೋಡಿ ನೀಲಕ್ಕ, ಕೈಗೆ ಏನೂ ಆಗಿಲ್ಲ," ಎಂದಳು ಸುಮೇಧಾ. "ಹೊರಗೆ ಎಷ್ಟು ಚೆನ್ನಾಗಿ ಹಿಡ್ಕೊಂಡಿದ್ರೂ, ಒಳಗಡೆ ಆ ಕೈಯನ್ನ ಯಾರೂ ಹಿಡ್ಕೊಂಡಿಲ್ಲ ಅಂದ್ರೆ ಅಷ್ಟೇ. ನನಗೆ ಇವತ್ತೇ ಗೊತ್ತಾಗಿದ್ದು, ನಂದೂ ಕಾಶವ್ವಂದೂ ಸೇರೋ ಗೋಡೆಯಲ್ಲೂ ಇದೇ ಆಗ್ತಿದೆಯೇನೋ ಅಂತ. ಕಾಶವ್ವನ ಮನೆ ಒಳಗಿನ ಗಂಟು ನೀವು ದಿನಾ ನೋಡ್ತೀರಲ್ಲ, ಅದು ಸರಿ ಇದೆಯಾ?"

ಅವಳು ಅನುಮಾನದಿಂದ ಕೇಳಲಿಲ್ಲ. ನನ್ನ ಕಿವಿಯನ್ನು ನಂಬಿ ಕೇಳಿದಳು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, ಇಲ್ಲ ಎಂದೆ. ಹಾಗೇ ಬಗ್ಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಒಂದೇ ದಿನದಲ್ಲಿ ಬಿಗಿದದ್ದು, ಪರಸಪ್ಪನ ಕೈ, ಹನ್ನೊಂದು ವರ್ಷದ ಕೂಗು. ಹೇಳಿ ಮುಗಿದ ಮೇಲೂ ತಲೆ ಎತ್ತಲಾಗಲಿಲ್ಲ. ಹಾಳಾದ ಅವಳ ಹಾಳೆಗಳ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು.

ಬಯ್ಯುತ್ತಾಳೆಂದು ಕಾದೆ. ಕೊನೆಗೆ ಆಕೆ ಕೇಳಿದ್ದು, ನಿಮ್ಮಪ್ಪ ಎಷ್ಟು ದಿನ ಅಂದಿದ್ದರು ಎಂದು. ಹದಿನೇಳು ಎಂದೆ. ದಿನಕ್ಕೆ ಒಂದೇ ಎಳೆ ಯಾಕೆ ಅಂತ ಹೇಳಿದ್ದರಾ ಎಂದಳು. ಕೊಂಡಿ ಎಳೆತ ಕಲಿಯಬೇಕು ಅನ್ನುತ್ತಿದ್ದ ಎಂದೆ. ಆಕೆ ಕುರ್ಚಿ ಎಳೆದುಕೊಂಡು ಕೂತಳು. ನನ್ನ ತಪ್ಪು ಅವಳಿಗೆ ಮರೆತೇ ಹೋದಂತಿತ್ತು. ತಾನು ಮೊದಲ ದಿನವೇ ಪೂರ್ತಿ ಎಳೆತಕ್ಕೆ ಹಾಳೆಯನ್ನು ಒಡ್ಡುತ್ತಿದ್ದೆ, ನಾಳೆಯಿಂದ ತಂತಿ ಸಡಿಲ ಬಿಟ್ಟು ದಿನದಿನಕ್ಕೆ ಬಿಗಿ ಮಾಡುತ್ತೇನೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಅಲ್ಲಿಂದ ನೇರ ಕಾಶವ್ವನ ಮನೆಗೆ ಇಳಿದೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಕಾಶವ್ವ ಮಣೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದಳು, ಪರಸಪ್ಪ ಇಳಿದ ಎಳೆಗಳನ್ನು ಕೋಲಿನ ಮೇಲೆ ಹಿಡಿದಿದ್ದ. ಅಂದು ಹಗ್ಗ ಹಳೆಯದಿರಲಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಕಾಶವ್ವನ ಕೈ ನಿಂತಿತು. ಪರಸಪ್ಪ ತನ್ನ ಸೊಟ್ಟಗೈಯನ್ನು ಒಂದು ಸಲ ನೋಡಿಕೊಂಡ. ಈ ಕೈ ಶಾವಿಗೆ ಕೋಲಿಗೆ ಅಂತಲೇ ಮಾಡಿಸಿದ ಹಾಗಿದೆ, ನೆಟ್ಟಗಿದ್ದಾಗ ಅರ್ಧ ಶಾವಿಗೆ ನೆಲಕ್ಕೆ ಬೀಳುತ್ತಿತ್ತು ಎಂದು ನಕ್ಕ. ನನಗೆ ಅಳು ಬಂತು.

ಕಾಶವ್ವ ನಗಲಿಲ್ಲ. "ನೀ ಆವತ್ತ ಹೇಳಿದ್ದರ ನಾ ಬೈತಿದ್ದೆ, ನಾಕು ದಿನ ಮಾತ ಬಿಡತಿದ್ದೆ, ಮುಗೀತಿತ್ತು," ಎಂದಳು. "ಹನ್ನೊಂದು ವರ್ಸ ಆ ಗ್ವಾಡಿ ಹತ್ರ ಮಲಗಾಕ ಹೆದರೇನಿ ನೀಲವ್ವ. ಹಗ್ಗ ಅಂದ್ರ ಹಾವು ಅನ್ನೂ ಹಂಗ ಆಗೇತಿ. ಈಗ ಬಂದು ಕಟ್ಟತೇನಿ ಅಂತಿಯಲ್ಲ. ನನ್ನ ಕೈಲೆ ಆಗೂದಿಲ್ಲ, ಹೋಗು."

ನಾನು ಹೋದೆ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು, ಊರೆಲ್ಲ ಕೇಳುವ ಹಾಗೆ "ಕಾಶವ್ವನ ಮನೆ, ಸಡಿಲ" ಎಂದು ಕೂಗಿದೆ. ಹಲ್ಲುಜ್ಜುತ್ತಿದ್ದವರು, ಕೋಳಿ ಬಿಡುತ್ತಿದ್ದವರು ಎಲ್ಲ ನನ್ನ ಕಡೆ ತಿರುಗಿದರು. ತೋಟಪ್ಪನವರು ಶಾಲು ಹೊದ್ದುಕೊಂಡೇ ಬಂದರು. ಅಲ್ಲೇ ನಿಂತು ಅವರಿಗೂ ಸುತ್ತ ನೆರೆದವರಿಗೂ ನಡೆದದ್ದನ್ನು ಹೇಳಿದೆ. ತೋಟಪ್ಪನವರು ಗಡ್ಡ ತುರಿಸಿಕೊಂಡು, ನಿನ್ನ ಕೂಗಿನ ಮೇಲೆ ನಾವೆಲ್ಲ ನಿದ್ದೆ ಮಾಡಿದ್ದೇವೆ ನೀಲವ್ವ ಎಂದರು. ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ದೊಡ್ಡ ಜಗ್ಗು ಮುಗಿಯುವವರೆಗೆ ಕೂಗು, ಆಮೇಲೆ ಈ ಕೆಲಸ ಬೇರೆಯವರಿಗೆ ಎಂದು ತೀರ್ಮಾನ ಹೇಳಿದರು. ನಾನು ಒಪ್ಪಿಕೊಂಡೆ. ಸಡಿಲ ಎಂದ ಮೇಲೆ ನೆರೆಯವರು ಕಟ್ಟಲು ಬರಬೇಕು, ಬಂದರು ಕೂಡ. ಆದರೆ ಕಾಶವ್ವ ಬೆಳಕಿಂಡಿಯ ಬಾಗಿಲು ಹಾಕಿಕೊಂಡಿದ್ದಳು. ಮನೆಯವಳ ಮನಸ್ಸಿಲ್ಲದೆ ಯಾರೂ ಇಳಿಯುವಂತಿಲ್ಲ.

ಹೀಗೇ ಐದು ದಿನ ಹೋದವು. ದೊಡ್ಡ ಜಗ್ಗಿಗೆ ಹದಿನೆಂಟು ದಿನ ಉಳಿದಿತ್ತು, ನಮಗೆ ಬೇಕಾದದ್ದು ಹದಿನೇಳು. ಸುಮೇಧಾ ಹಲಗೆಗಳ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯತೊಡಗಿದ್ದಳು, ಬಿಚ್ಚಿದರೆ ಮತ್ತೆ ಜೋಡಿಸಲು ಅನುಕೂಲವಾಗಲಿ ಎಂದು. ನಾನು ಏಣಿ ಹಿಡಿದುಕೊಂಡಿದ್ದೆ.

ಆಗ ಕಾಶವ್ವ ಇಳಿದು ಬಂದಳು. ಕೈಯಲ್ಲಿ ತಟ್ಟೆ, ಮೇಲೆ ಒಗ್ಗರಣೆ ಹಾಕಿದ ಶಾವಿಗೆ ಉಪ್ಪಿಟ್ಟು. ಊರು ಬಿಡುವವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ತಂದೆ ಎಂದಳು. ಹಲಗೆಯ ಮೇಲಿನ ಅಂಕಿ ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಿದಳು. ನಮ್ಮ ಪರಸಪ್ಪ ಆ ನಾಯಿ ನಾಯಿ ಅಂತಾನಲ್ಲ, ಅದನ್ನಾದರೂ ಒಮ್ಮೆ ತೋರಿಸು ಎಂದಳು.

ಸುಮೇಧಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಐದು ದಿನದಿಂದ ಸ್ವಲ್ಪ ಸ್ವಲ್ಪವೇ ಎಳೆಸಿಕೊಂಡ ಹಾಳೆಯದು. ಜಗ್ಗು ಬಂದಾಗ ಸಂದು ಬಿಡುವ ಪಡುವಣ ಗೋಡೆಯ ಬದಲು ನಡುಗಂಬಕ್ಕೆ ತಂತಿ ಬಿಗಿದಿದ್ದಳು. ಹಾಳೆ ಹರಿದಿರಲಿಲ್ಲ. ಕಾಶವ್ವ ಕಣ್ಣಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಇಟ್ಟಳು.

"ಯವ್ವಾ, ಶಾವಿಗಿ," ಎಂದಳು ಮೆಲ್ಲಗೆ.

ಸುಮೇಧಾ ಮೊದಲ ದಿನದ ಚಿತ್ರವನ್ನೂ ಅವತ್ತಿನದನ್ನೂ ಪಕ್ಕಪಕ್ಕ ತೋರಿಸಿದಳು. ಮೊದಲ ದಿನ ಹಸಿರು ಎಳೆ ಕೂದಲಿನಷ್ಟು ತೆಳ್ಳಗಿತ್ತು, ಈಗ ದಪ್ಪ ಕಟ್ಟಾಗಿ ಅಂಚಿಗೆ ಬಂದು ಸೇರಿತ್ತು. ಸೇರಿದ ಜಾಗದಲ್ಲೆಲ್ಲ ನೀಲಿ ಚುಕ್ಕೆ. ಅದೇನೆಂದು ಕಾಶವ್ವ ಕೇಳಿದಳು. ಅದು ವಿನ್‌ಕ್ಯುಲಿನ್ ಎಂದು ಸುಮೇಧಾ ಹೇಳಿದಳು. ಎಳೆತ ಇಲ್ಲದಿದ್ದರೆ ಅದು ಕೋಶದೊಳಗೆ ಎಲ್ಲೋ ತೇಲಿಕೊಂಡಿರುತ್ತದೆ. ಹದವಾಗಿ ಎಳೆದಾಗ ನಡುವಿನ ಕೆಟೆನಿನ್ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಆ ಜಾಗಕ್ಕೆ ವಿನ್‌ಕ್ಯುಲಿನ್ ಬಂದು ಕೂರುತ್ತದೆ, ಇನ್ನಷ್ಟು ಎಳೆಗಳನ್ನು ಕರೆದು ಹಿಡಿದುಕೊಳ್ಳುತ್ತದೆ. ಎಳೆದಷ್ಟೂ ಗಂಟು ಗಟ್ಟಿಯಾಗುತ್ತದೆ. ಒಮ್ಮೆಲೇ ಎಳೆದರೆ ಮಾತ್ರ ಅದು ಬರುವ ಮೊದಲೇ ಎಲ್ಲ ಹರಿದಿರುತ್ತದೆ.

ಕಾಶವ್ವ ಕಣ್ಣು ತೆಗೆಯದೆ ಕೇಳಿಸಿಕೊಂಡಳು. ಇವಕ್ಕೂ ಸುಣ್ಣ ಬೇಕಂತೆ ಎಂದು ನಾನು ನಡುವೆ ಬಾಯಿ ಹಾಕಿದೆ. ಎಲೆಯಡಿಕೆ ಹಾಕುವ ಜಾತಿಯೇ ಹಾಗಾದರೆ ಎಂದಳು. ಆಮೇಲೆ ತನ್ನ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡಳು, ನಲವತ್ತು ವರ್ಷ ಹಿಟ್ಟು ನಾದಿದ ಕೈ.

"ನಾ ಇದನ್ನ ದಿನಾ ಮಾಡತೇನಿ," ಎಂದಳು. "ಹಿಟ್ಟು ಕಲಿಸಿದ ಕೂಡಲೆ ಎಳದ್ರ ಕಟ್ಟಂತ ಹರೀತೈತಿ. ನೆನಿಯಾಕ ಬಿಟ್ಟು, ನಾದಿ, ಒಂಚೂರು ಎಳದು, ಮತ್ತ ಬಿಟ್ಟು, ಮತ್ತ ಒಂಚೂರು. ಆಮ್ಯಾಲೆ ಅದು ಎಷ್ಟ ಬೇಕಾದಷ್ಟು ಬರತೈತಿ. ನನ್ನ ಗ್ವಾಡಿಗಿ ಯಾರೂ ಹಂಗ ಮಾಡಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಒಂದ ಎಳಿ. ನಾಳೆ ಒಂದ ಎಳಿ ಕಟ್ಟು. ನಾ ಬಾಜೂಕ ನಿಂತಿರತೇನಿ. ಹೆದರಿಕಿ ಬಂದ್ರ ಬಿಚ್ಚತೇನಿ."

ಮರುದಿನ ಮೊದಲ ಎಳೆ ಕಟ್ಟಿದೆ. ಜಗ್ಗಿನ ಹೊತ್ತಿಗೆ ಪರಸಪ್ಪನನ್ನು ಹಿಂದಿನ ಕೋಣೆಗೆ ಕಳಿಸಿ, ಕಾಶವ್ವ ನನ್ನ ಪಕ್ಕ ನಿಂತಳು. ನೆಲ ಸರಿಯಿತು. ಎಳೆ ಸೆಟೆದು ಸಣ್ಣಗೆ ಝೇಂಕರಿಸಿತು. ಕೊಂಡಿ ಗೇಣುದ್ದದ ಬದಲು ನಾಲ್ಕು ಬೆರಳು ಜಾರಿ ನಿಂತಿತು. ಕಾಶವ್ವ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಐದು ಬೆರಳ ಗುರುತು ಎರಡು ದಿನ ಉಳಿಯಿತು. ಬಿಚ್ಚಲೇ ಎಂದು ಕೇಳಿದೆ. ಬೇಡ, ಇರಲಿ ಎಂದಳು.

ಎರಡನೇ ದಿನ ಎರಡನೇ ಎಳೆ. ಆರನೇ ದಿನ ಪರಸಪ್ಪ ಹಿಂದಿನ ಕೋಣೆಗೆ ಹೋಗಲು ಒಪ್ಪಲಿಲ್ಲ, ನನ್ನ ಕೈ ಮುರಿದ ಹಗ್ಗದ ಮಗನೋ ಮೊಮ್ಮಗನೋ ನಾನೂ ನೋಡಬೇಕು ಎಂದು ಅಲ್ಲೇ ಕೂತ. ಒಂಬತ್ತನೇ ದಿನಕ್ಕೆ ಸಂದಿನಲ್ಲಿ ಬೆಳಕು ಕಾಣುವುದು ನಿಂತಿತು. ಸುಮೇಧಾ ತಂತಿಯನ್ನು ನಡುಗಂಬದಿಂದ ಬಿಡಿಸಿ ಮತ್ತೆ ಗೋಡೆಗೆ ಕಟ್ಟಿದಳು. ದಿನಾ ಸಂಜೆ ನಾವು ನಾಲ್ವರೂ ಅವಳ ಮನೆಯಲ್ಲಿ ಸೇರಿ ಸರದಿಯಂತೆ ಒಂದೊಂದು ಕಣ್ಣು ಮುಚ್ಚಿ ನೋಡುತ್ತಿದ್ದೆವು. ಪರಸಪ್ಪ ಪಕ್ಕಪಕ್ಕದ ಎರಡು ಕೋಶಗಳನ್ನು ಆರಿಸಿಕೊಂಡು ಅವಕ್ಕೆ ತನ್ನ ಇಬ್ಬರು ನಾದಿನಿಯರ ಹೆಸರಿಟ್ಟಿದ್ದ. ಇವತ್ತು ಇಬ್ಬರೂ ಹೊಂದಿಕೊಂಡಿದ್ದಾರೋ ಇಲ್ಲವೋ ಎಂದು ದಿನಾ ವಿಚಾರಿಸುತ್ತಿದ್ದ. ಹದಿನಾಲ್ಕನೇ ದಿನ ನನಗೆ ನೆಗಡಿಯಾಗಿ ಎಳೆ ಕಟ್ಟಲು ತಡವಾಯಿತು. ಕಾಶವ್ವನೇ ಮಾಳಿಗೆ ದಾಟಿ ಬಂದು, ಏಳು ನೀಲವ್ವ, ಇವತ್ತಿನದು ಬಾಕಿ ಐತಿ ಎಂದು ಎಬ್ಬಿಸಿಕೊಂಡು ಹೋದಳು.

ದೊಡ್ಡ ಜಗ್ಗಿನ ದಿನ ಊರೆಲ್ಲ ಮಾಳಿಗೆಯ ಮೇಲೆ ಇತ್ತು. ಅವತ್ತು ಒಲೆ ಹಚ್ಚುವುದಿಲ್ಲ, ಹಿಂದಿನ ದಿನದ ಕಟಕರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಕಟ್ಟಿಕೊಂಡು ಮೇಲೆಯೇ ಕೂರುತ್ತಾರೆ. ನಾವು ನಾಲ್ವರು ಮಾತ್ರ ಕಾಶವ್ವನ ಮನೆಯೊಳಗೆ, ಹದಿನೇಳು ಎಳೆಯ ಆ ಹಗ್ಗದ ಮುಂದೆ ನಿಂತಿದ್ದೆವು. ತೋಟಪ್ಪನವರು ಬೆಳಕಿಂಡಿಯಿಂದ ಇಣುಕಿ, ಹೊರಗೆ ಬನ್ನಿ ಎಂದು ಎರಡು ಸಲ ಹೇಳಿ ನೋಡಿ, ಕೊನೆಗೆ ತಾವೇ ಇಳಿದು ಬಂದರು.

ನೆಲ ಸರಿಯತೊಡಗಿತು. ಮೊದಲ ಮಾರು ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯದಕ್ಕೆ ಜಂತಿಗಳೆಲ್ಲ ನರಳಿದವು, ಮಣೆಯ ಮೇಲಿದ್ದ ಹಿಟ್ಟಿನ ಉಂಡೆ ಉರುಳಿ ಮೂಲೆ ಸೇರಿತು. ಮೂರನೆಯದಕ್ಕೆ ಹಗ್ಗದಿಂದ ನಾನು ಹಿಂದೆಂದೂ ಕೇಳದ ನಾದ ಬಂತು, ದಪ್ಪ, ಎದೆಯೊಳಗೆ ಇಳಿಯುವಂಥದ್ದು. ನಡುಗಂಟನ್ನೇ ನೋಡುತ್ತಿದ್ದೆ. ಅದು ಬಿಗಿಯಿತು, ಇನ್ನೂ ಬಿಗಿಯಿತು, ಎಳೆಗಳು ಒಂದರೊಳಗೊಂದು ಕೂತು ಕೊಂಡಿಯ ಬಾಲವನ್ನು ಕಚ್ಚಿದವು. ಕೊಂಡಿ ಅಲುಗಲಿಲ್ಲ. ಗೋಡೆಯಾಚೆ ಸುಮೇಧಾಳ ಮನೆಯ ಹಗ್ಗವೂ ಅದೇ ನಾದದಲ್ಲಿ ಓಗೊಟ್ಟಿತು, ನಮ್ಮ ಹಿಂದೆ ಪಡುವಣದ ಕಡೆಗೆ ಒಂದೊಂದೇ ಮನೆ ಅದನ್ನು ಎತ್ತಿಕೊಂಡು ಹೋಯಿತು. ಮಾಳಿಗೆಯ ಮೇಲಿನ ಮಾತೆಲ್ಲ ನಿಂತಿತ್ತು. ಇಡೀ ಊರು ಒಂದೇ ಸ್ವರದಲ್ಲಿ ಗುನುಗುತ್ತಿತ್ತು.

ಅಷ್ಟು ಹೊತ್ತೂ ಕಾಶವ್ವ ಹಗ್ಗಕ್ಕೆ ಒಂದು ಗೇಣು ದೂರದಲ್ಲಿದ್ದಳು. ನೆಲ ಹಿಂದಕ್ಕೆ ಬರತೊಡಗಿದಾಗ ಅವಳು ಕೈ ಚಾಚಿ, ನಡುಗುತ್ತಿದ್ದ ಹಗ್ಗದ ಮೇಲೆ ಅಂಗೈ ಇಟ್ಟಳು. ಅದು ನಿಲ್ಲುವವರೆಗೂ ತೆಗೆಯಲಿಲ್ಲ. ಪರಸಪ್ಪ ಅವಳನ್ನು ನೋಡುತ್ತ ಮೂಗು ಒರೆಸಿಕೊಂಡ. ತೋಟಪ್ಪನವರು ಬಾಗಿ ಸಂದು ಇದ್ದ ಜಾಗಕ್ಕೆ ಬೆರಳು ತೂರಿಸಲು ನೋಡಿದರು, ಉಗುರೂ ಹೋಗಲಿಲ್ಲ. ಸುಮೇಧಾ ಆಗಲೇ ಏಣಿ ಹತ್ತಿ ತನ್ನ ಮನೆಗೆ ಓಡಿದ್ದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ದನಿ ಕೇಳಿತು, ಹಾಳೆ ನಿಂತಿದೆ, ಪೂರ್ತಿ ನಿಂತಿದೆ, ನಾದಿನಿಯರಿಬ್ಬರೂ ಚೆನ್ನಾಗಿದ್ದಾರೆ ಎಂದು. ಆ ಸಂಜೆ ತಣ್ಣನೆಯ ಊಟದ ಕಟ್ಟಳೆ ಮುರಿದು ಕಾಶವ್ವ ಒಲೆ ಹಚ್ಚಿದಳು. ಹಾಲು, ಬೆಲ್ಲ, ಏಲಕ್ಕಿ ಹಾಕಿದ ಶಾವಿಗೆ ಪಾಯಸ ಮೂಡಣದ ಎಲ್ಲ ಬೆಳಕಿಂಡಿಗಳಿಗೂ ಹೋಯಿತು. ತೋಟಪ್ಪನವರು ಎರಡು ಸಲ ಹಾಕಿಸಿಕೊಂಡು, ಕಟ್ಟಳೆಯ ಮಾತು ನಾಳೆ ನೋಡೋಣ ಎಂದರು.

ಬಿಗಿ ಕೂಗುವ ಕೆಲಸ ಪರಸಪ್ಪನಿಗೆ ಹೋಯಿತು. ಹಗ್ಗದ ಬಗ್ಗೆ ಆತನಷ್ಟು ಎಚ್ಚರ ಇನ್ನಾರಿಗೂ ಇರಲಾರದೆಂದು ಊರು ಒಪ್ಪಿಕೊಂಡಿತು. ಮೊದಲ ಮೂರು ದಿನ ನನಗೆ ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡಬೇಕೆಂದು ತಿಳಿಯದೆ ಕೈ ಕಟ್ಟಿದಂತಾಗಿತ್ತು. ಆಮೇಲೆ ತೋಟಪ್ಪನವರು ಕರೆಸಿ, ಕಟ್ಟುವುದನ್ನು ಕಲಿಸು, ನೀನು ಹೇಗೆ ತಪ್ಪಿದೆ ಎನ್ನುವುದರಿಂದಲೇ ಶುರು ಮಾಡು ಎಂದರು. ಈಗ ಅದೇ ನನ್ನ ಕೆಲಸ. ವಾರಕ್ಕೆ ನಾಲ್ಕು ದಿನ, ಹೆಂಗಸರು ಗಂಡಸರು ಸೇರಿ ಹನ್ನೆರಡು ಜನ. ನನಗೆ ಇದು ಹಿಡಿಸಿದೆ.

ಆರು ತಿಂಗಳಿಗೆಂದು ಬಂದ ಸುಮೇಧಾ ಇನ್ನೂ ಹೋಗಿಲ್ಲ. ಮಳೆಗಾಲ ಕಳೆದ ಮೇಲೆ ಹಾಸಿಗೆ ಹೊಲಿಯುವ ಗಂಡ ಹೆಂಡತಿ ಇಬ್ಬರು ಎಲ್ಲಿಂದಲೋ ಬಂದು, ಅವಳ ಮೂಡಣ ಗೋಡೆಗೆ ಹೊಂದಿಕೊಂಡು ಮನೆ ಎಬ್ಬಿಸಿದರು. ಅವರ ಕಡೆಯ ಗಂಟನ್ನು ಕಾಶವ್ವ ಇಳಿದು ಹೇಳಿಕೊಟ್ಟಳು. ಈ ಕಡೆಯದನ್ನು ತಾನೇ ಕಟ್ಟುತ್ತೇನೆಂದು ಸುಮೇಧಾ ಹಟ ಹಿಡಿದಳು. ನಾನು ಪಕ್ಕದಲ್ಲಿ ಕೂತು ಬಾಯಲ್ಲಿ ಮಾತ್ರ ಹೇಳಿದೆ. ಸೂಜಿಯ ಮೊನೆಗಿಂತ ಸಣ್ಣದನ್ನು ಹಿಡಿಯುವ ಆ ಬೆರಳುಗಳು ಹಗ್ಗದ ಮುಂದೆ ಮೊದ್ದಾಗಿದ್ದವು, ಮೂರು ಸಲ ಬಿಚ್ಚಿ ಕಟ್ಟಿದಳು. ಕೊನೆಗೆ ಮೊದಲ ಎಳೆ ಕೊಂಡಿಯ ಬಾಲಕ್ಕೆ ಸರಿಯಾಗಿ ಕೂತಿತು. ಹಿಡಿದುಕೊಂಡಿರಿ, ಬಿಡಬೇಡಿ ಎಂದೆ.

ಜಗ್ಗಿಗೆ ಇನ್ನೂ ಹೊತ್ತಿತ್ತು, ನೆಲ ಅಲುಗಿರಲಿಲ್ಲ. ಅವಳ ಬೆರಳ ನಡುವೆ ಎಳೆ ತುಸುವೇ ಮುಂದಕ್ಕೆ ಸರಿಯಿತು. ಗೋಡೆಯಾಚೆ ಹೊಸ ನೆರೆಯವರಲ್ಲಿ ಯಾರೋ ತಮ್ಮ ಎಳೆಯನ್ನು ಮೆಲ್ಲಗೆ ಎಳೆದು ನೋಡುತ್ತಿದ್ದರು. ಸುಮೇಧಾ ತಾನೂ ಅಷ್ಟೇ ಮೆಲ್ಲಗೆ ಎಳೆದಳು.